ಎದುರು ಕಿಟಕಿಯ ದೀಪ

2024 ಜುಲೈ 14, ಭಾನುವಾರ

ಮಧ್ಯಾಹ್ನದಿಂದ ಬಿಡದ ಮಳೆ. ಮನೆಯಲ್ಲೇ ಕೂತು 1949ರ ‘ದಿ ಸೆಟ್-ಅಪ್’ ಮತ್ತೆ ನೋಡಿದೆ. ಜಾಸ್ತಿ ದುಡ್ಡಿಲ್ಲದೆ ತೆಗೆದ ಆರ್‌ಕೆಓ ಕಂಪನಿಯ ಚಿತ್ರ. 72 ನಿಮಿಷ, ಅಷ್ಟೇ. ಕಥೆ ನಡೆಯುವುದೂ ಅಷ್ಟೇ ಹೊತ್ತು. ಬೀದಿಯ ಗಡಿಯಾರ ರಾತ್ರಿ 9 ಗಂಟೆ 5 ನಿಮಿಷ ತೋರಿಸುವಾಗ ಶುರುವಾಗುತ್ತದೆ.

ಸ್ಟೋಕರ್ ಥಾಂಪ್ಸನ್‌ಗೆ 35 ವರ್ಷ. ಬಾಕ್ಸರ್‌ಗೆ ಅದು ಮುದಿ ವಯಸ್ಸೇ. ಅವನ ಮ್ಯಾನೇಜರ್ ಟೈನಿ 50 ಡಾಲರ್ ತಗೊಂಡು, ನಮ್ಮವನು ಸೋಲ್ತಾನೆ ಅಂತ ಜೂಜುಕೋರರಿಗೆ ಮಾತು ಕೊಟ್ಟಿರುತ್ತಾನೆ. ಸ್ಟೋಕರ್‌ಗೆ ಮಾತ್ರ ಹೇಳುವುದಿಲ್ಲ. ಹೇಗೂ ಸೋಲ್ತಾನಲ್ಲ, ಹೇಳಿ ಪಾಲು ಯಾಕೆ ಕೊಡಬೇಕು? ಹೋದ ಸಲ ನೋಡಿದಾಗ ನನಗೆ ಇದರಲ್ಲಿ ಮೋಸ ಮಾತ್ರ ಕಂಡಿತ್ತು. ಇವತ್ತು ಅವಮಾನ ಕಂಡಿತು. ಸೋಲು ಅಂತ ಕೇಳಿಕೊಳ್ಳುವಷ್ಟು ಬೆಲೆಯೂ ಅವನಿಗಿಲ್ಲ. ಕೊನೆಯ ಸುತ್ತಿನ ಹೊತ್ತಿಗೆ ವಿಷಯ ತಿಳಿದ ಮೇಲೂ ಅವನು ಬೀಳುವುದಿಲ್ಲ. ನಾನು ಕುರ್ಚಿಯ ತುದಿಗೆ ಬಂದುಬಿಟ್ಟಿದ್ದೆ.

ಸ್ಟೋಕರ್ ಆಗಿರುವ ರಾಬರ್ಟ್ ರಯನ್ ಕಾಲೇಜಿನಲ್ಲಿ ನಿಜವಾಗಿಯೂ ಬಾಕ್ಸಿಂಗ್ ಆಡಿದವರು. ಆ ಭುಜ, ಆ ಕಾಲು ಸುಳ್ಳು ಹೇಳುವುದಿಲ್ಲ. ಹಿನ್ನೆಲೆ ಸಂಗೀತವೂ ಇಲ್ಲ. ಏಟಿನ ಸದ್ದು, ಉಸಿರು, ಜನರ ಕೂಗು. ನಿರ್ದೇಶಕ ರಾಬರ್ಟ್ ವೈಸ್ ಮೊದಲು ಸಂಕಲನಕಾರ. ರಿಂಗ್‌ನಿಂದ ಆಗಾಗ ಪ್ರೇಕ್ಷಕರ ಮುಖಕ್ಕೆ ಹೋಗುತ್ತಾರೆ. ಒಬ್ಬ ಬಿಡದೆ ತಿನ್ನುತ್ತಾನೆ. ಇನ್ನೊಬ್ಬ ರೇಡಿಯೋದಲ್ಲಿ ಬೇರೆ ಆಟ ಕೇಳುತ್ತಾನೆ. ಕಣ್ಣು ಕಾಣದ ಒಬ್ಬರಿಗೆ ಪಕ್ಕದವನು ಏಟೇಟನ್ನೂ ವರ್ಣಿಸುತ್ತಾನೆ. ರಿಂಗ್‌ಗಿಂತ ಆ ಮುಖಗಳೇ ಭಯ ಹುಟ್ಟಿಸುತ್ತವೆ.

ಒಂದು ನೋವಿದೆ. ಇದಕ್ಕೆ ಮೂಲ ಜೋಸೆಫ್ ಮಾಂಕ್ಯೂರ್ ಮಾರ್ಚ್ ಎಂಬ ಕವಿಯ 1928ರ ಕಥನಕವನ. ಅದರಲ್ಲಿ ಬಾಕ್ಸರ್ ಕಪ್ಪು ಜನಾಂಗದವನು. ಚಿತ್ರದಲ್ಲಿ ಅವನನ್ನು ಬಿಳಿಯನನ್ನಾಗಿ ಮಾಡಿದರು. ಕಥೆಯ ಅರ್ಧ ಸಿಟ್ಟು ಅಲ್ಲೇ ಹೋಯಿತು ಅನ್ನಿಸುತ್ತದೆ. ಕಪ್ಪು ನಟ ಜೇಮ್ಸ್ ಎಡ್ವರ್ಡ್ಸ್ ಡ್ರೆಸಿಂಗ್ ರೂಮಿನ ಒಂದು ಚಿಕ್ಕ ಪಾತ್ರದಲ್ಲಿ ಇದ್ದಾರೆ, ಎಷ್ಟು ಘನವಾಗಿ!

ಸ್ಟೋಕರ್‌ನ ಹೆಂಡತಿ ಜೂಲಿ ಆಟಕ್ಕೆ ಬರುವುದೇ ಇಲ್ಲ. ಇನ್ನೊಂದು ಸಲ ಅವನು ಏಟು ತಿನ್ನುವುದನ್ನು ನೋಡಲಾರಳು. ಡ್ರೆಸಿಂಗ್ ರೂಮಿನಿಂದ ಅವನು ಎದುರು ಹೋಟೆಲಿನ ಕಿಟಕಿ ನೋಡುತ್ತಿರುತ್ತಾನೆ. ದೀಪ ಆರಿದರೆ ಅವಳು ಹೊರಟಳು ಅಂತ. ಆರುತ್ತದೆ. ಅವನ ಮುಖ ಅರಳುತ್ತದೆ. ಅವಳು ಬೀದಿ ಸುತ್ತಿ, ಸೇತುವೆಯ ಮೇಲೆ ನಿಂತು ಟಿಕೆಟ್ ಹರಿದು ಹಾಕುತ್ತಾಳೆ.

ಆಟ ಮುಗಿದ ಮೇಲೆ ಓಣಿಯಲ್ಲಿ ಅವನ ಕೈ ಮುರಿಯುತ್ತಾರೆ. ತಡವರಿಸುತ್ತಾ ಬೀದಿಗೆ ಬಂದು ಬಿದ್ದವನನ್ನು ಅವಳು ಅದೇ ಕಿಟಕಿಯಿಂದ ನೋಡುತ್ತಾಳೆ.