ದೇವರಿಗೆ ಎಲ್ಲವೂ ಗೊತ್ತಿರುವಾಗ ಇನ್ನೊಬ್ಬರಿಗಾಗಿ ಬೇಡುವುದೇಕೆ?

ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ, ಈಗ ಶಿವಮೊಗ್ಗದಲ್ಲಿ ನೆಲೆಸಿದ್ದೇನೆ. ಪರಿಚಿತರ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಿದ್ದಾರೆಂದು ತಿಳಿದರೆ "ಪ್ರಾರ್ಥನೆಯಲ್ಲಿ ನೆನೆಯುತ್ತೇನೆ" ಎನ್ನುವುದು ನನ್ನ ರೂಢಿ. ಕೆಲವರು "ನೆನೆಯಿರಿ ಟೀಚರ್" ಎಂದು ಕೈ ಹಿಡಿದುಕೊಳ್ಳುತ್ತಾರೆ. ಇನ್ನು ಕೆಲವರು ಕೇಳುತ್ತಾರೆ: "ನೀವು ಹೇಳದಿದ್ದರೆ ನಿಮ್ಮ ದೇವರಿಗೆ ಗೊತ್ತಾಗುವುದಿಲ್ಲವೇ? ಗೊತ್ತಿದ್ದೂ ನಿಮ್ಮ ಮಾತಿಗಾಗಿ ಕಾಯುತ್ತಾನೆಯೇ?"

ನ್ಯಾಯವಾದ ಪ್ರಶ್ನೆ. ಗೊಂದಲಕ್ಕೆ ಅರ್ಧ ಕಾರಣ ನಾವು ಬಳಸುವ ಪದವೇ ಇರಬೇಕು. ಇನ್ನೊಬ್ಬರಿಗಾಗಿ ಬೇಡುವುದನ್ನು 'ಮಧ್ಯಸ್ಥಿಕೆಯ ಪ್ರಾರ್ಥನೆ' ಎಂದೊಡನೆ ಅಡಿಕೆ ಮಂಡಿಯ ದಲ್ಲಾಳಿಯೋ, ಜಮೀನಿನ ತಕರಾರು ಬಗೆಹರಿಸುವ ಪಂಚಾಯಿತಿಯ ಹಿರಿಯರೋ ಕಣ್ಣಮುಂದೆ ಬರುತ್ತಾರೆ. ದೇವರು ಮುನಿದು ಕುಳಿತ ಜಮೀನ್ದಾರನಂತೆ, ನಾವು ವಶೀಲಿ ಹಚ್ಚುವವರಂತೆ. ಆ ಚಿತ್ರವನ್ನು ನಾನು ನಂಬುವುದಿಲ್ಲ. ಬೈಬಲ್ಲಿನ ಆದಿಕಾಂಡದ 18ನೆಯ ಅಧ್ಯಾಯದಲ್ಲಿ ಅಬ್ರಹಾಮ, ನಾಶವಾಗಲಿದ್ದ ಸೊದೋಮ್ ಪಟ್ಟಣಕ್ಕಾಗಿ ದೇವರೊಡನೆ ವಾದಿಸುತ್ತಾನೆ. ಐವತ್ತು ಮಂದಿ ಸಜ್ಜನರಿದ್ದರೆ ಊರನ್ನು ಉಳಿಸುತ್ತೀಯಾ ಎಂದು ಆರಂಭಿಸಿ, ನಲವತ್ತೈದು, ನಲವತ್ತು ಎಂದು ಇಳಿಯುತ್ತಾ ಹತ್ತಕ್ಕೆ ಬಂದು ನಿಲ್ಲುತ್ತಾನೆ. ಆದರೆ ಮೊದಲು ಮಾತೆತ್ತಿದವನು ದೇವರು. ನಾನು ಮಾಡಲಿರುವುದನ್ನು ಅಬ್ರಹಾಮನಿಗೆ ಮುಚ್ಚಿಡಲೇ ಎಂದು ಅವನು ತನ್ನೊಳಗೇ ಕೇಳಿಕೊಂಡು ವಿಷಯವನ್ನು ತಿಳಿಸುತ್ತಾನೆ. ಸುದ್ದಿ ಬಂದದ್ದು ಮೇಲಿನಿಂದ ಕೆಳಕ್ಕೆ. ತನಗೆ ಗೊತ್ತಿದ್ದ ಸಂಕಟದಲ್ಲಿ ಅಬ್ರಹಾಮನಿಗೂ ಪಾಲು ಕೊಡಬೇಕೆಂದು ದೇವರಿಗೇ ಅನ್ನಿಸಿತು ಎಂದು ನಾನು ಓದಿಕೊಳ್ಳುತ್ತೇನೆ. ನೆರೆಮನೆಯ ನೋವು ನನ್ನ ಕಿವಿಗೆ ಬಿದ್ದು ರಾತ್ರಿ ನಿದ್ದೆ ಕೆಡಿಸಿದರೆ, ಅದೂ ಇಂಥದೇ ಪಾಲು.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. 1971ರ ಮಳೆಗಾಲದಲ್ಲಿ, ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಆರು ವರ್ಷದ ನನ್ನ ತಮ್ಮನಿಗೆ ಜ್ವರ ಏರಿ ಸೆಳೆತ ಬಂತು. ಬಸ್ಸು ಬರುವ ರಸ್ತೆ ಆರು ಮೈಲಿ ದೂರ. ಹಳ್ಳ ತುಂಬಿ ಗಾಡಿದಾರಿ ಮುಚ್ಚಿಹೋಗಿತ್ತು. ಊರಿನ ನಾಲ್ವರು ಬಂದು ಬಿದಿರ ಗಳಕ್ಕೆ ಕಂಬಳಿಯ ಜೋಲಿ ಕಟ್ಟಿದರು. ಇಬ್ಬರು ಹೊರುವುದು, ಹೆಗಲು ಸೋತಾಗ ಉಳಿದಿಬ್ಬರು ಹೆಗಲು ಕೊಡುವುದು. ಕಾಲಿಗೆ ಹತ್ತಿದ ಉಂಬಳಗಳನ್ನು ಕೀಳುವುದಕ್ಕೂ ಅವರು ನಿಲ್ಲಲಿಲ್ಲ. ನಾಲ್ವರಲ್ಲಿ ಒಬ್ಬರೂ ನಮ್ಮ ಧರ್ಮದವರಲ್ಲ. ಅಮ್ಮ ಹಿಂದೆ ಹಿಂದೆ ನಡೆಯುತ್ತಾ ಜಪಮಾಲೆ ಹೇಳುತ್ತಿದ್ದಳು. ನಮ್ಮ ಮನೆಯ ಕೊಂಕಣಿಯಲ್ಲಿ ಅದಕ್ಕೆ ತೇರ್ಸ್ ಎನ್ನುತ್ತೇವೆ. ಹಳ್ಳದ ಮೇಲಿನ ಕಿರುಸೇತುವೆಯಾದ ಸಂಕ ದಾಟುವಲ್ಲಿ ಮಾತ್ರ ಅವಳ ದನಿ ನಿಂತಿತು. ನಾಲ್ವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟರು.

ಬೈಬಲ್ಲಿನ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯ ಓದುವಾಗಲೆಲ್ಲ ನನಗೆ ಆ ಸಂಕವೇ ಕಾಣುತ್ತದೆ. ಕಪೆರ್ನೌಮ್ ಎಂಬ ಊರಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಜನಜಂಗುಳಿಯಿಂದ ಯೇಸುವಿದ್ದ ಮನೆಯೊಳಗೆ ಹೋಗಲಾಗದೆ ಅದರ ಮಾಡು ಬಿಚ್ಚಿ, ಹಾಸಿಗೆ ಸಮೇತ ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು 'ಅವರ' ವಿಶ್ವಾಸವನ್ನು ಕಂಡು ರೋಗಿಯೊಡನೆ ಮಾತನಾಡಿದನೆಂದು ಅಲ್ಲಿ ಬರೆದಿದೆ. ಮಲಗಿದ್ದವನು ಒಂದು ಮಾತೂ ಆಡಿಲ್ಲ. ಅವನಿಗೆ ವಿಶ್ವಾಸವಿತ್ತೋ ಇಲ್ಲವೋ, ಮಾರ್ಕ ಹೇಳುವುದಿಲ್ಲ. ಬೇಡುವ ಶಕ್ತಿಯೂ ಉಳಿಯದವನನ್ನು ಹೊತ್ತು ತಂದು ದೇವರ ಎದುರು ಇಳಿಸುವುದು, ನಮ್ಮ ಪ್ರಾರ್ಥನೆ ಎಂದರೆ ಇಷ್ಟೇ.

"ಹಾಗಾದರೆ ಗುಣವಾಗುತ್ತದೆಯೇ, ಲೆಕ್ಕವಿದೆಯೇ?" ಎಂದು ವಿಜ್ಞಾನದ ಮೇಷ್ಟ್ರೊಬ್ಬರು ಕೇಳಿದ್ದರು. ಲೆಕ್ಕವಿದೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು ಎಂದಷ್ಟೇ ತಿಳಿದಿದ್ದವರಲ್ಲಿ, ಪ್ರಾರ್ಥನೆ ಪಡೆದವರ ಪೈಕಿ ಶೇ. 52 ಮಂದಿಗೆ ತೊಡಕುಗಳಾದವು, ಪಡೆಯದವರ ಪೈಕಿ ಶೇ. 51 ಮಂದಿಗೆ. ತಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿದಿದ್ದವರಲ್ಲಿ ಅದು ಶೇ. 59. ಇದನ್ನು ನಾನು ಮರೆಮಾಚುವುದಿಲ್ಲ. ಪ್ರಾರ್ಥನೆಯನ್ನು ಔಷಧಿಯ ಬದಲಿಗೆ ಮಾರುವವರು ಇದನ್ನು ಓದಬೇಕು. ಆದರೆ ಪ್ರಾರ್ಥಿಸಿದವರ ಕೈಗೆ ಅಲ್ಲಿ ಕೊಟ್ಟದ್ದು ರೋಗಿಯ ಮೊದಲ ಹೆಸರು, ಕುಲನಾಮದ ಒಂದಕ್ಷರ, ಹೇಳಬೇಕಾದ ಒಂದು ಸಿದ್ಧವಾಕ್ಯ. ನಮ್ಮ ಜೋಲಿ ಹೊತ್ತವರಿಗೆ ಹುಡುಗನ ಭಾರ ಗೊತ್ತಿತ್ತು, ಅವನ ಬಿಸಿ ಕಂಬಳಿಯ ಮೂಲಕ ಬೆನ್ನಿಗೆ ತಾಗುತ್ತಿತ್ತು. ಫಲಿತಾಂಶ ತಿರುಗುಮುರುಗಾಗಿ ಬಂದಿದ್ದರೂ ನಾನು ಅದನ್ನು ಹಿಡಿದು ಕುಣಿಯುತ್ತಿರಲಿಲ್ಲ. ಗುಳಿಗೆಯ ಹಾಗೆ ಅಳೆದು ಕೊಡಬಹುದಾದದ್ದು ಪ್ರಾರ್ಥನೆಯೇ ಅಲ್ಲ.

ತಮ್ಮ ಉಳಿಯಲಿಲ್ಲ. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಇದನ್ನು ಹೇಳದೆ ಉತ್ತರ ಕೊಟ್ಟರೆ ಅದು ಸುಳ್ಳಾಗುತ್ತದೆ. ಏಕೆ ಹೀಗಾಯಿತು ಎಂಬುದಕ್ಕೆ ನನ್ನಲ್ಲಿ ವಿವರಣೆಯಿಲ್ಲ. ವಿವರಣೆ ಕೊಡಲು ಬಂದವರ ಮೇಲೆ ಅಮ್ಮನಿಗೂ ಸಿಟ್ಟಿತ್ತು, ನನಗೂ ಇದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ, ಸಂಕಟದ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಯೇಸು ಬೇಡಿದ. ತೊಲಗಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ, ರಾತ್ರಿಯೂಟದ ಹೊತ್ತಿನಲ್ಲಿ, ನಿನ್ನ ವಿಶ್ವಾಸ ಕುಂದದಿರಲೆಂದು ನಿನಗಾಗಿ ಪ್ರಾರ್ಥಿಸಿದ್ದೇನೆ ಎಂದು ತನ್ನ ಶಿಷ್ಯ ಸಿಮೋನ ಪೇತ್ರನಿಗೆ ಹೇಳಿದ್ದ. ಬೆಳಗಾಗುವುದರೊಳಗೆ ಪೇತ್ರ ಮೂರು ಸಲ ಅವನನ್ನು ಅರಿಯೆ ಎಂದ. ಆದರೂ ಕಣ್ಣೀರಿಟ್ಟ, ತಿರುಗಿ ಬಂದ. ನನಗೆ ಹಿಡಿದುಕೊಳ್ಳಲು ಸಿಕ್ಕಿರುವುದು ಈ ಎರಡು ಪ್ರಸಂಗಗಳೇ.

ನಾವು ಕಥೋಲಿಕರು ತೀರಿಹೋದ ಸಂತರಿಗೂ ನಮಗಾಗಿ ಬೇಡಿರಿ ಎನ್ನುತ್ತೇವೆ. ಸಂತರನ್ನೇಕೆ ನಡುವೆ ತರುತ್ತೀರಿ, ಕ್ರಿಸ್ತನೊಬ್ಬನೇ ಮಧ್ಯಸ್ಥನಲ್ಲವೇ ಎಂದು ಕ್ರೈಸ್ತರಲ್ಲೇ ಬೇರೆ ಪಂಗಡದ ಗೆಳತಿ ಕೇಳುತ್ತಾಳೆ. ಪೌಲನು ತಿಮೊಥೇಯನಿಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯದಲ್ಲಿ ಆ ಮಾತಿರುವುದು ನಿಜ. ಆದರೆ ಎಲ್ಲ ಮನುಷ್ಯರಿಗಾಗಿ ವಿಜ್ಞಾಪನೆ ಮಾಡಿರಿ ಎಂಬ ಮಾತೂ ಅದೇ ಅಧ್ಯಾಯದ ಆರಂಭದಲ್ಲಿದೆ. ನಮ್ಮ ಬೇಡಿಕೆ ಕ್ರಿಸ್ತನ ಬೇಡಿಕೆಯೊಳಗೆ ಸೇರುತ್ತದೆ. ಸತ್ತವರು ನಮ್ಮನ್ನು ಪ್ರೀತಿಸುವುದನ್ನು ನಿಲ್ಲಿಸುತ್ತಾರೆಂದು ನಾನು ನಂಬಲಾರೆ. ಹರಿಹರದ ಆರೋಗ್ಯ ಮಾತೆ ಮರಿಯಮ್ಮನ ಎದುರು ಸೆಪ್ಟೆಂಬರ್ 8ರ ಹಬ್ಬದಲ್ಲಿ ಮೊಂಬತ್ತಿ ಹಿಡಿದು ನಿಲ್ಲುವ ಎಲ್ಲ ಧರ್ಮದ ತಾಯಂದಿರಿಗೆ ಇದನ್ನು ಯಾರೂ ಪಾಠ ಮಾಡಬೇಕಾಗಿಲ್ಲ.

ಯೇಸು ಶಿಲುಬೆಗೇರಿದ ದಿನವಾದ ಶುಭ ಶುಕ್ರವಾರದ ಆರಾಧನೆಯಲ್ಲಿ ಹತ್ತು ವಿಜ್ಞಾಪನೆಗಳಿವೆ. ಧರ್ಮಸಭೆಗಾಗಿ, ಯೆಹೂದ್ಯರಿಗಾಗಿ, ಕ್ರಿಸ್ತನನ್ನು ನಂಬದವರಿಗಾಗಿ, ದೇವರನ್ನೇ ನಂಬದವರಿಗಾಗಿ, ನಾಡನ್ನು ಆಳುವವರಿಗಾಗಿ, ಸಂಕಟದಲ್ಲಿರುವವರಿಗಾಗಿ. ಇಲ್ಲಿನ ಪ್ರಧಾನ ಚರ್ಚಿನಲ್ಲಿ ಅವನ್ನು ಕೇಳುವಾಗ ವಿಜ್ಞಾನದ ಮೇಷ್ಟ್ರ ಮುಖವೂ ನನ್ನ ಮನಸ್ಸಿಗೆ ಬರುತ್ತದೆ. ಅವರಿಗೆ ಬೇಕೋ ಬೇಡವೋ, ಅಂದು ಅವರೂ ನಮ್ಮ ಜೋಲಿಯಲ್ಲಿದ್ದಾರೆ.

ತಮ್ಮ ಹೋದ ಮೇಲೆ ಅಮ್ಮ ಕೆಲವು ತಿಂಗಳು ತೇರ್ಸ್ ಹಿಡಿಯಲಿಲ್ಲ. ಮತ್ತೆ ಹಿಡಿದಾಗ ಕೊನೆಯಲ್ಲಿ ಆ ನಾಲ್ವರ ಹೆಸರು ಸೇರಿಸಿದಳು. ಮೂವತ್ತೆಂಟು ವರ್ಷ, ಒಂದು ರಾತ್ರಿಯೂ ಬಿಡದೆ. ಅವರ ಮಕ್ಕಳ ಮದುವೆ, ತೋಟಕ್ಕೆ ಬಂದ ಕೊಳೆರೋಗ, ಒಬ್ಬರ ಕುಡಿತ, ಎಲ್ಲವೂ ನಮ್ಮ ಮನೆಯ ಪ್ರಾರ್ಥನೆಯಲ್ಲಿ ಬಂದು ಹೋದವು. ಕುಡಿತದವರ ಮನೆಗೆ ಅವಳು ಅಕ್ಕಿ ಹೊತ್ತುಕೊಂಡು ಹೋದದ್ದೂ ಆ ಪ್ರಾರ್ಥನೆಯ ಭಾಗವೇ.

ನಾಲ್ವರಲ್ಲಿ ಈಗ ಉಳಿದಿರುವುದು ಒಬ್ಬರು. ಕಳೆದ ಆಷಾಢದಲ್ಲಿ ಊರಿಗೆ ಹೋದಾಗ ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಕಣ್ಣು ಮಂಜಾಗಿದೆ, ದನಿಯಿಂದ ಗುರುತು ಹಿಡಿದರು.

"ತಂಗೀ, ನಿಮ್ಮ ಅಮ್ಮ ದಿನಾ ರಾತ್ರಿ ನನ್ನ ಹೆಸರು ಹೇಳುತ್ತಿದ್ದರಲ್ಲ. ಈಗ ಯಾರು ಹೇಳುತ್ತಾರೆ?"

"ನಾನು ಹೇಳುತ್ತೇನೆ, ಅಣ್ಣಯ್ಯ."

"ಹಾಗಾದರೆ ಮೊಮ್ಮಗಳದ್ದೂ ಸೇರಿಸು," ಎಂದರು.