ವರ್ಡ್‌ಪ್ರೆಸ್ಸೋ ಡ್ರುಪಲ್ಲೋ ಎಂದು ಕೇಳುವವರಿಗೆ

"ನಮ್ಮ ಸಂಸ್ಥೆಯ ವೆಬ್‌ಸೈಟಿಗೆ ಯಾವ ಸಿಎಂಎಸ್ ಹಾಕಿಸೋಣ?" ಪರಿಚಯದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಸಿಎಂಎಸ್ ಎಂದರೆ ಸೈಟಿನ ಪುಟಗಳನ್ನು ಬರೆದು, ತಿದ್ದಿ, ಪ್ರಕಟಿಸಲು ಬಳಸುವ ತಂತ್ರಾಂಶ; ವರ್ಡ್‌ಪ್ರೆಸ್, ಡ್ರುಪಲ್ ಎರಡೂ ಅಂಥವೇ. ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: ಸೈಟ್ ಕಟ್ಟಿಕೊಟ್ಟವರು ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು?

ಇಷ್ಟು ಒತ್ತಿ ಕೇಳುವುದಕ್ಕೆ ಕಾರಣವಿದೆ. 2014ರ ಅಕ್ಟೋಬರ್ 15ರಂದು ಡ್ರುಪಲ್‌ನ 7ನೇ ಆವೃತ್ತಿಯಲ್ಲಿದ್ದ ಗಂಭೀರ ಭದ್ರತಾ ದೋಷವೊಂದು ಬಯಲಾಯಿತು. ಅದನ್ನು ಸರಿಪಡಿಸುವ ಅಪ್‌ಡೇಟ್ ಕೂಡ ಅದೇ ದಿನ ಬಂತು. ಎರಡು ವಾರದ ನಂತರ ಡ್ರುಪಲ್‌ನ ಭದ್ರತಾ ತಂಡ ಹೇಳಿದ್ದೇನು ಗೊತ್ತೇ? ದೋಷ ಬಯಲಾದ 7 ಗಂಟೆಗಳೊಳಗೆ ಅಪ್‌ಡೇಟ್ ಮಾಡದ ಸೈಟುಗಳೆಲ್ಲ ದಾಳಿಗೆ ತುತ್ತಾಗಿವೆ ಎಂದೇ ತಿಳಿಯಿರಿ ಎಂದು. ಡ್ರುಪಲ್ ಕೆಟ್ಟದ್ದೆಂದು ಇದನ್ನು ಹೇಳುತ್ತಿಲ್ಲ. ಆ 7 ಗಂಟೆಗಳಲ್ಲಿ ಎಚ್ಚರವಾಗಿರುವವರು ನಿಮ್ಮಲ್ಲಿದ್ದಾರೆಯೇ ಎಂಬುದೇ ನನ್ನ ಪ್ರಶ್ನೆ.

ಅಂಥವರಿದ್ದರೆ, ಜೊತೆಗೆ ಹಲವು ಭಾಷೆಗಳು, ಹಲವು ವಿಭಾಗಗಳು, ಬರೆಯುವವರೊಬ್ಬರು ಒಪ್ಪಿಗೆ ಕೊಡುವವರೊಬ್ಬರು ಎಂಬ ವ್ಯವಸ್ಥೆಯಿದ್ದರೆ ಡ್ರುಪಲ್ ಹಾಕಿಸಿ. ಬಹುಭಾಷೆಯ ಸೌಲಭ್ಯ ಅದರ ಮೂಲದಲ್ಲೇ ಇದೆ. ಆದರೆ 7ನೇ ಆವೃತ್ತಿಯಿಂದ 8ಕ್ಕೆ ಹೋದವರು ಸೈಟನ್ನು ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಬೇಕಾಯಿತು ಎಂಬುದು ನೆನಪಿರಲಿ.

ಇಲ್ಲದಿದ್ದರೆ ವರ್ಡ್‌ಪ್ರೆಸ್ ಸಾಕು. ಬಹುತೇಕ ಸಂಸ್ಥೆಗಳಿಗೆ ನನ್ನ ಉತ್ತರ ಇದೇ. 2013ರಿಂದ ಅದರ ಸಣ್ಣ ಅಪ್‌ಡೇಟ್‌ಗಳು ತಾವಾಗಿಯೇ ಆಗುತ್ತವೆ, ಕೆಲಸ ಬಲ್ಲವರೂ ಸುಲಭವಾಗಿ ಸಿಗುತ್ತಾರೆ. ಅಪಾಯವಿರುವುದು ಪ್ಲಗಿನ್‌ಗಳಲ್ಲಿ, ಅಂದರೆ ಹೆಚ್ಚಿನ ಸೌಲಭ್ಯಕ್ಕಾಗಿ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಲ್ಲಿ. ಒಂದೊಂದನ್ನು ಒಬ್ಬೊಬ್ಬರು ಬರೆದಿರುತ್ತಾರೆ, ಕೆಲವರು ಅರ್ಧಕ್ಕೇ ಕೈಬಿಟ್ಟಿರುತ್ತಾರೆ. ಬೇಡದ್ದನ್ನು ನಿಷ್ಕ್ರಿಯ ಮಾಡಿದರೆ ಸಾಲದು, ಅಳಿಸಿಬಿಡಿ. ವರ್ಷಕ್ಕೊಮ್ಮೆ ಬದಲಾಗುವ ನಾಲ್ಕಾರು ಪುಟಗಳಷ್ಟೇ ಇದ್ದರೆ ಹ್ಯೂಗೋದಂಥ ಸಾಧನದಿಂದ ಡೇಟಾಬೇಸೇ ಇಲ್ಲದ ಸೈಟ್ ಮಾಡಬಹುದು.

ಡೆಮೋ ನೋಡಲು ಮುಖ್ಯಸ್ಥರು ಕೂತರೆ ಪ್ರಯೋಜನವಿಲ್ಲ. ದಿನವೂ ಪ್ರಕಟಣೆ ಹಾಕಬೇಕಾದವರನ್ನೇ ಕೂರಿಸಿ. ಅವರು ಒಂದು ಪಿಡಿಎಫ್ ಏರಿಸಲಿ, ತಪ್ಪಾದ ದಿನಾಂಕ ತಿದ್ದಲಿ, ಹಳೆಯ ಸುದ್ದಿ ತೆಗೆಯಲಿ. ಯಾರನ್ನೂ ಕೇಳದೆ ಇಷ್ಟು ಮಾಡಲಾಗದಿದ್ದರೆ ಆ ಸೈಟಿನಲ್ಲಿ ಹೊಸದೇನೂ ಬರುವುದಿಲ್ಲ.

ಇನ್ನು ಕಂಪನಿಯೊಂದು ತನ್ನದೇ ಸಿಎಂಎಸ್ ಕೊಡುತ್ತೇನೆಂದರೆ, ಸಹಿ ಹಾಕುವ ಮೊದಲೇ ಪುಟಗಳನ್ನೂ ಚಿತ್ರಗಳನ್ನೂ ಬೇರೆಡೆಗೆ ಒಯ್ಯಲಾಗುವಂತೆ ಅದರಿಂದ ಹೊರತೆಗೆದು ತೋರಿಸಲು ಹೇಳಿ. ಡೊಮೇನ್ ಹೆಸರಂತೂ (ಸೈಟಿನ ವಿಳಾಸ) ಸಂಸ್ಥೆಯ ಖಾತೆಯಲ್ಲೇ ನೋಂದಣಿಯಾಗಿರಬೇಕು, ಡೆವಲಪರ್ ಖಾತೆಯಲ್ಲಲ್ಲ.