ಸ್ಕ್ಯಾನರ್ ಕಿತ್ತ ಬೇಕರಿ

ಜುಲೈ 20, 2025, ಭಾನುವಾರ
ಹನುಮಂತನಗರ, ಬೆಂಗಳೂರು

ಸಂಜೆ ಬೇಕರಿಗೆ ಹೋದೆ. ಜೇಬಲ್ಲಿ ಮೊಬೈಲ್ ಒಂದೇ. ಪರ್ಸ್ ಇಟ್ಟುಕೊಳ್ಳೋದು ಯಾವಾಗ ಬಿಟ್ಟೆನೋ ನೆನಪೇ ಇಲ್ಲ. ಬ್ರೆಡ್ಡು, ನಾಲ್ಕು ಖಾರ ಬನ್ನು, ಕಾಲು ಕೆಜಿ ನಿಪ್ಪಟ್ಟು ಕಟ್ಟಿಸಿಕೊಂಡು ಫೋನ್ ಎತ್ತಿ ಹಿಡಿದರೆ ಎದುರಿಗೆ ಸ್ಕ್ಯಾನರೇ ಇಲ್ಲ. ಗಾಜಿನ ಮೇಲೆ ಚೌಕಾಕಾರಕ್ಕೆ ಅಂಟಿನ ಗುರುತು ಮಾತ್ರ. ಪಕ್ಕದಲ್ಲಿ ಒಂದು ರಟ್ಟು: ‘ನೋ ಯುಪಿಐ, ಓನ್ಲಿ ಕ್ಯಾಶ್.’

ವಾರದಿಂದ ಪೇಪರಲ್ಲಿ ಓದ್ತಾನೇ ಇದ್ದೆ. ಯುಪಿಐನಲ್ಲಿ ವರ್ಷಕ್ಕೆ 40 ಲಕ್ಷ ದಾಟಿದ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್. ನಮ್ಮ ಬೀದಿಗೂ ಬಂತು, ಅಷ್ಟೇ.

“ನಿಮಗೂ ಬಂತಾ?” ಅಂದೆ.

“ನನಗಿಲ್ಲ ಸರ್, ಪಕ್ಕದ ಕಾಂಡಿಮೆಂಟ್ಸ್‌ಗೆ ಬಂದಿದೆ. ನಮ್ಮದೂ ಒಂದೇ ಅಕೌಂಟು. ವ್ಯಾಪಾರದ ದುಡ್ಡೂ ಅದಕ್ಕೇ, ಭಾಮೈದ ಕಳಿಸಿದ ಸಾಲವೂ ಅದಕ್ಕೇ. ಯಾವುದು ಯಾವುದು ಅಂತ ಹೇಗೆ ಹೇಳ್ಲಿ?”

ಸ್ಕ್ಯಾನರ್ ಕಿತ್ತರೆ ತೆರಿಗೆ ತಪ್ಪಲ್ಲ, ಕ್ಯಾಶೂ ವ್ಯಾಪಾರವೇ ಅಲ್ವಾ. ಆದರೆ ಆ ಮುಖ ನೋಡಿ ಹೇಳೋಕೆ ಮನಸ್ಸಾಗಲಿಲ್ಲ.

ತಮಾಷೆ ಅಂದ್ರೆ, ನಾನು ಸ್ಮಾರ್ಟ್‌ಫೋನ್ ತಗೊಂಡಿದ್ದೇ ಈ ಬೇಕರಿಯ ದೆಸೆಯಿಂದ. 2016ರ ಸೆಪ್ಟೆಂಬರಲ್ಲಿ ಜಿಯೋ ಶುರುವಾಗಿ, ಡೇಟಾ ಪುಕ್ಕಟೆ ಅಂತ ಊರೆಲ್ಲ ಸಿಮ್ಮಿಗೆ ಕ್ಯೂ ನಿಂತಾಗಲೂ ನಾನು ಬಟನ್ ಫೋನಲ್ಲೇ ಇದ್ದೆ. ನವೆಂಬರ್ 8ಕ್ಕೆ ನೋಟು ರದ್ದಾಯಿತು. ಬ್ಯಾಂಕಲ್ಲಿ ಎರಡು ಗಂಟೆ ನಿಂತು ತಂದ ಗುಲಾಬಿ ಬಣ್ಣದ 2000ದ ನೋಟನ್ನು ಇವರು ಲೈಟಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. ಚಿಲ್ಲರೆ ಇಲ್ಲ. ಎಂಟು ದಿನ ಉದ್ರಿ ಬರೆಸಿದೆ. ಮುಂದಿನ ತಿಂಗಳೇ ಫೋನ್ ತಗೊಂಡೆ. ಆಮೇಲೆ ಗಲ್ಲಾದ ಪಕ್ಕ ಮಾತಾಡೋ ಪೆಟ್ಟಿಗೆಯೂ ಬಂತು. ಒಳಗೆ ಮೈದಾ ನಾದುತ್ತಾ ನಿಂತಿದ್ದರೂ, ಪೆಟ್ಟಿಗೆ ಮೊತ್ತ ಕೂಗಿದರೆ ಇವರು ಅಲ್ಲಿಂದಲೇ “ಬಂತು ಸರ್” ಅನ್ನೋರು. ಕೈ ಒರೆಸಿಕೊಂಡು ಬರೋ ಕೆಲಸವೇ ಇರಲಿಲ್ಲ.

ಸರಿ, ಎಟಿಎಂ ಹುಡುಕಿಕೊಂಡು ಹೊರಟೆ. ಮೊದಲನೆಯದಕ್ಕೆ ಶಟರ್ ಎಳೆದಿತ್ತು. ಎರಡನೆಯದರಲ್ಲಿ ಬರೀ 500ರ ನೋಟು. ಪಿನ್ ಒಂದು ಸಲ ತಪ್ಪು ಒತ್ತಿದೆ, ಎಷ್ಟು ದಿನವಾಗಿತ್ತೋ! ವಾಪಸ್ ಬಂದು 198 ರೂಪಾಯಿಗೆ 500 ಕೊಟ್ಟೆ. 300 ಎಣಿಸಿ ಕೊಟ್ಟರು. ಉಳಿದ ಎರಡು ರೂಪಾಯಿಗೆ ಭರಣಿಯಿಂದ ಎರಡು ಚಾಕ್ಲೇಟು. ಇದನ್ನು ನೋಡಿ ಅದೆಷ್ಟು ವರ್ಷವಾಯಿತೋ.

ಇನ್ನೇನು ಹೊರಡಬೇಕು, ಗಲ್ಲಾದ ಕೆಳಗಿನಿಂದ ಬಟ್ಟೆ ಸುತ್ತಿದ ಹಾಗೆ ಸಣ್ಣ ದನಿ: “ನಲವತ್ತು ರೂಪಾಯಿ...”

ನಾನು ಅವರ ಮುಖ ನೋಡಿದೆ. ಅವರು ನಿಪ್ಪಟ್ಟಿನ ಡಬ್ಬದ ಮುಚ್ಚಳ ಸರಿ ಮಾಡಿದರು.

“ಗೊತ್ತಿರೋರು ಸರ್, ನಂಬರಿಗೇ ಹಾಕ್ತಾರೆ.”

ಒಂಬತ್ತು ವರ್ಷದ ಗಿರಾಕಿ ನಾನು!